ಕತ್ತಿಗೆ ಮುಂಚೆ ಕಣ್ಣು: ಮರಳಿ ಊದುವ ಕಾಲಿನ ನರದ ಕಥೆ

ಪ್ರಾಚೀನ ರೋಮ್‌ನ ದಂಡನಾಯಕ ಗೈಯಸ್ ಮಾರಿಯಸ್ ಸಾಮಾನ್ಯ ಮನುಷ್ಯನಲ್ಲ. ಆ ಗಣರಾಜ್ಯದ ಅತ್ಯುನ್ನತ ಹುದ್ದೆಯಾದ ಕಾನ್ಸಲ್ ಪದವಿಗೆ ಏಳು ಬಾರಿ ಏರಿದವನು. ಅವನ ಎರಡೂ ಕಾಲುಗಳ ತುಂಬ ಊದಿದ ರಕ್ತನಾಳಗಳು ಸುರುಳಿ ಸುತ್ತಿಕೊಂಡಿದ್ದವು. ಅದು ವಿಕಾರವಾಗಿ ಕಂಡು ಅವನು ಶಸ್ತ್ರವೈದ್ಯನನ್ನು ಕರೆಸಿದ. ಅರಿವಳಿಕೆಯ ಹೆಸರೇ ಕೇಳಿರದ ಕಾಲ. ರೋಗಿಯನ್ನು ಕಟ್ಟಿಹಾಕಿ ಕೊಯ್ಯುವುದು ವಾಡಿಕೆ. ಮಾರಿಯಸ್ ಕಟ್ಟಿಸಿಕೊಳ್ಳಲು ಒಪ್ಪಲಿಲ್ಲ. ತುಟಿಪಿಟಕ್ಕೆನ್ನದೆ ಒಂದು ಕಾಲನ್ನು ಕೊಯ್ಯಿಸಿಕೊಂಡ. ವೈದ್ಯ ಇನ್ನೊಂದು ಕಾಲಿಗೆ ಕೈಹಾಕಲು ಹೊರಟಾಗ ಮಾತ್ರ ಬೇಡವೆಂದ. ಪಟ್ಟ ನೋವಿಗೆ ತಕ್ಕ ಫಲ ಈ ಚಿಕಿತ್ಸೆಯಲ್ಲಿಲ್ಲ ಎಂಬುದು ಅವನ ತೀರ್ಮಾನವಾಗಿತ್ತು. ಗ್ರೀಕ್ ಲೇಖಕ ಪ್ಲುಟಾರ್ಕ್ ಈ ಪ್ರಸಂಗವನ್ನು ದಾಖಲಿಸಿದ್ದಾನೆ.

ಎರಡು ಸಾವಿರ ವರ್ಷ ಕಳೆದರೂ ಮಾರಿಯಸ್ ಎತ್ತಿದ ತಕರಾರು ಪೂರ್ತಿ ಹಳತಾಗಿಲ್ಲ. ಕಾಲಿನ ಊದಿದ ನಾಳಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಬಹಳ ಜನರಿಗೆ ಕೆಲವು ವರ್ಷಗಳ ನಂತರ ಅವು ಮತ್ತೆ ಕಾಣಿಸಿಕೊಳ್ಳುತ್ತವೆ. ಹೀಗೆ ಮರುಕಳಿಸುವವರ ಪ್ರಮಾಣ ಶೇ 20ರಿಂದ ಶೇ 80ರವರೆಗೆ ಎಂದು ವೈದ್ಯಕೀಯ ವರದಿಗಳು ಹೇಳುತ್ತವೆ. ಅಂತರ ಇಷ್ಟು ದೊಡ್ಡದಾಗಿರುವುದಕ್ಕೆ ಕಾರಣವಿದೆ. ಮರುಕಳಿಕೆ ಎಂದು ಯಾವುದನ್ನು ಕರೆಯುತ್ತೇವೆ, ರೋಗಿಯನ್ನು ಎಷ್ಟು ವರ್ಷ ಗಮನಿಸುತ್ತೇವೆ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಸಾಲ ಮಾಡಿ, ಕೆಲಸಕ್ಕೆ ರಜೆ ಹಾಕಿ ಆಪರೇಷನ್ ಮಾಡಿಸಿಕೊಂಡವರಿಗೆ ಈ ಲೆಕ್ಕಾಚಾರ ಬೇಕಿಲ್ಲ. ಕೊಯ್ದು ತೆಗೆದದ್ದು ಮತ್ತೆ ಹೇಗೆ ಬಂತು ಎಂಬುದಷ್ಟೇ ಅವರ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಸಿಕ್ಕದ್ದು ಹೊಸ ಕತ್ತಿಯಿಂದಲ್ಲ, ಹೊಸ ಕಣ್ಣಿನಿಂದ. ಚರ್ಮದ ಕೆಳಗೆ ರಕ್ತ ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ನೋಡಲು ಕಲಿತದ್ದು ವೈದ್ಯಶಾಸ್ತ್ರದ ಇತಿಹಾಸದಲ್ಲಿ ತೀರಾ ಇತ್ತೀಚಿನ ಸಂಗತಿ.

ಏನಿದು ರೋಗ?

ನಮ್ಮಲ್ಲಿ ಜನ ಇದನ್ನು ‘ಕಾಲಿನ ನರ ಊದಿದೆ’, ‘ನರ ಗಂಟು ಕಟ್ಟಿದೆ’ ಎನ್ನುತ್ತಾರೆ. ವೈದ್ಯರ ಭಾಷೆಯಲ್ಲಿ ನರವೆಂದರೆ ಮಿದುಳಿನ ಸಂದೇಶವನ್ನು ಸಾಗಿಸುವ ತಂತು. ಇಲ್ಲಿ ಊದುವುದು ಅದಲ್ಲ. ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ, ಅಂದರೆ ಅಭಿಧಮನಿ. ಆಸ್ಪತ್ರೆಗಳಲ್ಲಿ ಇದಕ್ಕೆ ವೇರಿಕೋಸ್ ವೇನ್ಸ್ ಎಂಬ ಹೆಸರು ರೂಢಿಯಲ್ಲಿದೆ.

ಹೃದಯದಿಂದ ಪಾದಕ್ಕೆ ರಕ್ತ ಇಳಿಯುವುದು ಸುಲಭ. ಮೇಲೇರುವುದು ಕಷ್ಟ. ಮನುಷ್ಯ ಅಲುಗಾಡದೆ ನಿಂತಾಗ ಕಣಕಾಲಿನ ಅಭಿಧಮನಿಯಲ್ಲಿ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಒತ್ತಡ ಇರುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಆಗ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಹೀಗೆ ಮೇಲೇರಿದ ರಕ್ತ ಮತ್ತೆ ಕೆಳಗೆ ಜಾರದಂತೆ ತಡೆಯಲು ನಾಳದ ಒಳಗೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ಅವು ಒಂದೇ ಕಡೆಗೆ ತೆರೆಯುವ ಬಾಗಿಲುಗಳು. ಈ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ರಕ್ತ ಕೆಳಗೆ ಸುರಿದು ನಾಳ ಹಿಗ್ಗುತ್ತದೆ, ಅಂಕುಡೊಂಕಾಗುತ್ತದೆ. ಕಾಲು ಭಾರವಾಗುತ್ತದೆ, ಸಂಜೆಯ ವೇಳೆಗೆ ಊದುತ್ತದೆ. ವರ್ಷಗಳು ಕಳೆದಂತೆ ಕಣಕಾಲಿನ ಚರ್ಮ ಕಪ್ಪಾಗಿ, ಕೆಲವರಿಗೆ ಮಾಯದ ಹುಣ್ಣೂ ಆಗುತ್ತದೆ.

ಕಾಲಿನಲ್ಲಿ ಎರಡು ಬಗೆಯ ಅಭಿಧಮನಿಗಳಿವೆ. ಸ್ನಾಯುಗಳ ನಡುವೆ ಆಳದಲ್ಲಿ ಸಾಗುವವು ಹೆದ್ದಾರಿಗಳಿದ್ದಂತೆ. ಹೆಚ್ಚಿನ ರಕ್ತ ಹರಿಯುವುದು ಅವುಗಳಲ್ಲಿಯೇ. ಚರ್ಮದ ಕೆಳಗಿನವು ಒಳರಸ್ತೆಗಳು. ಈ ಮೇಲಿನ ನಾಳಗಳಲ್ಲಿ ಮುಖ್ಯವಾದವು ಎರಡು. ದೊಡ್ಡ ಸಫೀನಸ್ ನಾಳ ಒಳಗಣಕಾಲಿನಿಂದ ಹೊರಟು ತೊಡೆಸಂದಿನಲ್ಲಿ ಆಳದ ನಾಳವನ್ನು ಕೂಡುತ್ತದೆ. ಚಿಕ್ಕ ಸಫೀನಸ್ ನಾಳ ಮೀನಖಂಡದ ಹಿಂದೆ ಏರಿ ಸಾಮಾನ್ಯವಾಗಿ ಮಂಡಿಯ ಹಿಂಭಾಗದಲ್ಲಿ ಕೂಡುತ್ತದೆ. ಇವಲ್ಲದೆ ಒಳರಸ್ತೆಯನ್ನೂ ಹೆದ್ದಾರಿಯನ್ನೂ ಅಲ್ಲಲ್ಲಿ ಜೋಡಿಸುವ ಅಡ್ಡನಾಳಗಳು ಬೇರೆ. ಸೋರಿಕೆ ಇವುಗಳಲ್ಲಿ ಎಲ್ಲಿ ಬೇಕಾದರೂ ಶುರುವಾಗಬಹುದು. ಹೊರಗೆ ಕಾಣುವ ಊತ ಮಾತ್ರ ಹೆಚ್ಚಾಗಿ ಮೀನಖಂಡದಲ್ಲಿಯೇ. ರೋಗದ ಬೇರು ಒಂದು ಕಡೆ, ಅದರ ಗುರುತು ಇನ್ನೊಂದು ಕಡೆ. ವೈದ್ಯರನ್ನು ಶತಮಾನಗಳ ಕಾಲ ದಾರಿ ತಪ್ಪಿಸಿದ್ದು ಇದೇ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 18ರಿಂದ 64 ವರ್ಷದ ಗಂಡಸರಲ್ಲಿ ಶೇ 40ರಷ್ಟು, ಹೆಂಗಸರಲ್ಲಿ ಶೇ 32ರಷ್ಟು ಮಂದಿಗೆ ಮುಖ್ಯ ನಾಳಗಳ ಊತ ಕಂಡುಬಂದಿತ್ತು. ಮನೆತನದ ಗುಣ, ಗರ್ಭಧಾರಣೆ, ವಯಸ್ಸು, ದಿನವಿಡೀ ನಿಂತು ಮಾಡುವ ಕೆಲಸ ಇವು ಅಪಾಯ ಹೆಚ್ಚಿಸುವ ಅಂಶಗಳು. ಹೋಟೆಲಿನ ಅಡುಗೆಯವರು, ಬಸ್ ಕಂಡಕ್ಟರುಗಳು, ಸಂಚಾರ ಪೊಲೀಸರು, ಶಾಲೆಯ ಉಪಾಧ್ಯಾಯರು ಈ ತೊಂದರೆ ಹೇಳಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಹಳಬರು ಕಂಡದ್ದು

ಈಜಿಪ್ಟಿನಲ್ಲಿ ಸಿಕ್ಕಿರುವ, ಕ್ರಿ.ಪೂ. 1550ರ ಸುಮಾರಿನ ಎಬರ್ಸ್ ಪ್ಯಾಪಿರಸ್ ಎಂಬ ವೈದ್ಯಗ್ರಂಥ ಹಾವಿನಂತೆ ಸುರುಳಿ ಸುತ್ತಿದ ನಾಳದ ಊತಕ್ಕೆ ಕತ್ತಿ ತಾಗಿಸಬಾರದೆಂದು ಎಚ್ಚರಿಸುತ್ತದೆ. ರಕ್ತ ನಿಲ್ಲದೆ ರೋಗಿ ಸತ್ತಾನೆಂಬ ಭಯ ಅದು. ಗ್ರೀಕರ ಹಿಪ್ಪೊಕ್ರಾಟಿಸ್ ಪರಂಪರೆಯವರೂ ದೊಡ್ಡ ಗಾಯ ಮಾಡಬೇಡಿ, ಅಲ್ಲಲ್ಲಿ ಸಣ್ಣಗೆ ಚುಚ್ಚಿ ಎಂದರು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಊದಿದ ನಾಳವನ್ನು ಸುಡುವ ಅಥವಾ ಕೊಯ್ದು ತೆಗೆಯುವ ವಿಧಾನವನ್ನು ವಿವರಿಸಿದ್ದಾನೆ.

ನಮ್ಮ ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ‘ಸಿರಾಜ ಗ್ರಂಥಿ’ಯ ವರ್ಣನೆ ಇದೆ. ದುರ್ಬಲನಾದವನು ಅತಿಯಾಗಿ ದುಡಿದಾಗ ಸಿರೆಗಳು ಕುಗ್ಗಿ, ಒಣಗಿ, ಗಂಟಾಗುತ್ತವೆ ಎಂಬುದು ಅಲ್ಲಿನ ವಿವರಣೆ. ಅದೇ ಗ್ರಂಥದ ಶಾರೀರಸ್ಥಾನ ದೇಹದಲ್ಲಿ 700 ಸಿರೆಗಳಿವೆಯೆಂದು ಎಣಿಸಿ, ಅವುಗಳಲ್ಲಿ 98ನ್ನು ಯಾವ ಕಾರಣಕ್ಕೂ ಚುಚ್ಚಬಾರದೆಂದು ನಿಷೇಧಿಸುತ್ತದೆ. ಶವವನ್ನು ನೀರಿನಲ್ಲಿ ನೆನೆಸಿಟ್ಟು ಪದರಪದರವಾಗಿ ಬಿಡಿಸಿ ನೋಡಬೇಕೆಂದೂ ಹೇಳುತ್ತದೆ. ಎಣಿಕೆ ಇಂದಿನ ಅಂಗರಚನಾಶಾಸ್ತ್ರಕ್ಕೆ ಹೊಂದದೆ ಇರಬಹುದು. ನೋಡಿ ತಿಳಿಯದೆ ಕೈಹಾಕಬಾರದೆಂಬ ವಿವೇಕ ಮಾತ್ರ ಅಲ್ಲಿ ಸ್ಪಷ್ಟವಾಗಿದೆ.

ಆದರೆ ಶವದಲ್ಲಿ ರಕ್ತ ಹರಿಯುವುದಿಲ್ಲ. ನಾಳ ಎಲ್ಲಿದೆ ಎಂದು ತಿಳಿಯಬಹುದು, ಅದರೊಳಗೆ ಏನು ನಡೆಯುತ್ತಿದೆ ಎಂದು ತಿಳಿಯದು. ಇಟಲಿಯ ಪಡುವಾ ವಿಶ್ವವಿದ್ಯಾಲಯದ ಫ್ಯಾಬ್ರೀಷಿಯಸ್ ಅಭಿಧಮನಿಗಳ ಕವಾಟಗಳ ಬಗ್ಗೆ 1603ರಲ್ಲಿ ಚಿತ್ರಸಹಿತ ಪುಸ್ತಕ ಪ್ರಕಟಿಸಿದ. ಕಣ್ಣೆದುರೇ ಕವಾಟವಿದ್ದರೂ ಅದರ ಕೆಲಸವೇನೆಂದು ಅವನು ತಪ್ಪಾಗಿ ಗ್ರಹಿಸಿದ. ದೇಹದ ಮೂಲೆಗಳಿಗೆ ಹರಿದು ಹೋಗುವ ರಕ್ತದ ವೇಗವನ್ನು ಅವು ತಗ್ಗಿಸುತ್ತವೆ ಎಂದುಕೊಂಡ. ಅದೇ ಪಡುವಾದಲ್ಲಿ ಓದಿ 1602ರಲ್ಲಿ ಪದವಿ ಪಡೆದ ಇಂಗ್ಲೆಂಡಿನ ವಿಲಿಯಂ ಹಾರ್ವೆ ಅದನ್ನು ತಿರುಗಿಸಿ ನೋಡಿದ. ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ನಾಳವನ್ನು ಬೆರಳಿನಿಂದ ನೀವಿ, ರಕ್ತ ಹೃದಯದ ಕಡೆಗೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಬಾರದು ಎಂದು ತೋರಿಸಿದ. 1628ರಲ್ಲಿ ಬಂದ ಅವನ ಗ್ರಂಥ ರಕ್ತಪರಿಚಲನೆಯ ತತ್ವವನ್ನು ಸ್ಥಾಪಿಸಿತು. ಊದಿದ ನಾಳದ ರೋಗವೆಂದರೆ ಕೆಟ್ಟ ರಕ್ತ ಶೇಖರವಾಗುವುದಲ್ಲ, ಕವಾಟ ಕೆಟ್ಟು ರಕ್ತ ಹಿಂದಕ್ಕೆ ಹರಿಯುವುದು ಎಂಬ ಅರಿವಿಗೆ ತಳಪಾಯ ಬಿದ್ದದ್ದು ಅಲ್ಲಿ.

ಕಟ್ಟಿದರೂ ಮರಳಿ ಬಂತು

ಈ ಅರಿವನ್ನು ಶಸ್ತ್ರಚಿಕಿತ್ಸೆಗೆ ತಂದವರಲ್ಲಿ ಪ್ರಮುಖ ಜರ್ಮನಿಯ ಫ್ರೀಡ್ರಿಶ್ ಟ್ರೆಂಡೆಲೆನ್‌ಬರ್ಗ್. ಬಾನ್ ನಗರದಲ್ಲಿದ್ದಾಗ ಅವನು ಒಂದು ಸರಳ ಪರೀಕ್ಷೆಯನ್ನು ಪ್ರಚಾರಕ್ಕೆ ತಂದ. ರೋಗಿಯನ್ನು ಮಲಗಿಸಿ ಕಾಲನ್ನು ಮೇಲೆತ್ತಿದರೆ ಊದಿದ ನಾಳಗಳು ಬರಿದಾಗುತ್ತವೆ. ಆಗ ತೊಡೆಯ ಮೇಲ್ಭಾಗದಲ್ಲಿ ಬೆರಳಿನಿಂದ ನಾಳವನ್ನು ಅದುಮಿ ಹಿಡಿದು ರೋಗಿಯನ್ನು ನಿಲ್ಲಿಸಬೇಕು. ಬೆರಳು ತೆಗೆದ ಕೂಡಲೇ ಮೇಲಿನಿಂದ ರಕ್ತ ಧುಮುಕಿ ನಾಳ ತುಂಬಿದರೆ ಸೋರಿಕೆ ಅಲ್ಲಿದೆ ಎಂದರ್ಥ. ಲಂಡನ್ನಿನ ಬೆಂಜಮಿನ್ ಬ್ರೋಡಿ 1846ರಲ್ಲಿಯೇ ಇಂಥದೇ ಪರೀಕ್ಷೆಯನ್ನು ವಿವರಿಸಿದ್ದ. ಟ್ರೆಂಡೆಲೆನ್‌ಬರ್ಗ್ 1891ರ ಸುಮಾರಿಗೆ ಒಂದು ಹೆಜ್ಜೆ ಮುಂದೆ ಹೋಗಿ, ತೊಡೆಯಲ್ಲಿ ದೊಡ್ಡ ಸಫೀನಸ್ ನಾಳವನ್ನು ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ. ಊದಿದ ಜಾಗವನ್ನು ಬಿಟ್ಟು, ಊತಕ್ಕೆ ಕಾರಣವಾದ ಜಾಗಕ್ಕೆ ಕೈಹಾಕಿದ್ದು ಇದರ ಹೆಚ್ಚುಗಾರಿಕೆ.

ಅವನ ಸಹಾಯಕ ಗೇಯೋರ್ಗ್ ಪೆರ್ಟೆಸ್ ಹೀಗೆ ಚಿಕಿತ್ಸೆ ಪಡೆದವರನ್ನು ಮತ್ತೆ ಪರೀಕ್ಷಿಸಿ 1895ರಲ್ಲಿ ವರದಿ ಬರೆದ. ಹಲವರಿಗೆ ವಾಸಿಯಾಗಿತ್ತು. ಕೆಲವರಿಗೆ ಮರಳಿ ಬಂದಿತ್ತು. ನಾಳವನ್ನು ಕಟ್ಟಿದ್ದು ತೊಡೆಯಲ್ಲಿ. ಅದಕ್ಕೂ ಮೇಲೆ, ತೊಡೆಸಂದಿನಲ್ಲಿ, ಅದೇ ನಾಳಕ್ಕೆ ಬಂದು ಸೇರುವ ಕವಲುಗಳಿವೆ. ಕೆಳಗೆ ಕಟ್ಟೆ ಹಾಕಿದರೆ ನೀರು ಪಕ್ಕದ ಕಾಲುವೆ ಹುಡುಕಿಕೊಳ್ಳುವಂತೆ ರಕ್ತ ಈ ಕವಲುಗಳ ಮೂಲಕ ಇಳಿಯತೊಡಗಿತ್ತು. ಆಳದ ನಾಳವನ್ನು ಕೂಡುವ ಅಂಚಿನಲ್ಲಿಯೇ, ಎಲ್ಲ ಕವಲುಗಳನ್ನೂ ಸೇರಿಸಿ ಕಟ್ಟಬೇಕೆಂದು ಅಮೆರಿಕದ ಜಾನ್ ಹೋಮನ್ಸ್ 1916ರಲ್ಲಿ ಒತ್ತಿ ಹೇಳಿದ.

ಈ ನಡುವೆ ಕಟ್ಟುವುದರ ಜತೆಗೆ ನಾಳವನ್ನೇ ಎಳೆದು ತೆಗೆಯುವ ವಿಧಾನಗಳು ಅಮೆರಿಕದಲ್ಲಿ ಒಂದರ ಹಿಂದೊಂದು ಬಂದವು. 1905ರಲ್ಲಿ ಕೆಲ್ಲರ್, 1906ರಲ್ಲಿ ಮೇಯೋ, 1907ರಲ್ಲಿ ಬ್ಯಾಬ್‌ಕಾಕ್. ನಾಳದೊಳಗೆ ಬಳುಕುವ ತಂತಿ ತೂರಿಸಿ ಇಡಿಯಾಗಿ ಕಿತ್ತು ತೆಗೆಯುವ ಬ್ಯಾಬ್‌ಕಾಕ್ ಪದ್ಧತಿ ಮುಂದಿನ ಹಲವು ದಶಕಗಳ ಕಾಲ ಪ್ರಪಂಚದಾದ್ಯಂತ ನಡೆಯಿತು. ಇಷ್ಟಾದರೂ ಮರುಕಳಿಕೆ ನಿಲ್ಲಲಿಲ್ಲ. ಯಾಕೆಂದರೆ ಸೋರಿಕೆ ಎಲ್ಲಿದೆ ಎಂಬುದನ್ನು ವೈದ್ಯ ಇನ್ನೂ ಬೆರಳು ಮತ್ತು ಅನುಭವದಿಂದಲೇ ಊಹಿಸುತ್ತಿದ್ದ.

ಎಕ್ಸ್-ರೇ ತೋರಿಸಿದ ನಕ್ಷೆ

1895ರ ಕೊನೆಯಲ್ಲಿ ರೋಂಟ್‌ಗೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ. ತಿಂಗಳೆರಡರೊಳಗೆ, 1896ರ ಜನವರಿಯಲ್ಲಿ, ವಿಯೆನ್ನಾದ ಹಾಶೆಕ್ ಮತ್ತು ಲಿಂಡೆಂತಾಲ್ ಕತ್ತರಿಸಿ ತೆಗೆದ ಕೈಯೊಂದರ ರಕ್ತನಾಳಗಳಿಗೆ ಸುಣ್ಣ, ಇಂಗಳೀಕ ಮುಂತಾದವುಗಳ ಮಿಶ್ರಣ ತುಂಬಿ ಚಿತ್ರ ತೆಗೆದರು. ನಾಳಗಳ ಜಾಲ ಬೇರಿನಂತೆ ಮೂಡಿತು. ಬದುಕಿರುವವರಿಗೆ ಅಂಥ ಮಿಶ್ರಣ ಚುಚ್ಚುವಂತಿರಲಿಲ್ಲ. ಜೀವಂತ ಮನುಷ್ಯನ ರಕ್ತನಾಳಕ್ಕೆ ಚುಚ್ಚಬಹುದಾದ ದ್ರವ ಸಿಗಲು 1923ರವರೆಗೆ ಕಾಯಬೇಕಾಯಿತು. ಜರ್ಮನಿಯ ಬರ್ಬರಿಶ್ ಮತ್ತು ಹಿರ್ಷ್ ಸ್ಟ್ರಾನ್ಶಿಯಂ ಬ್ರೋಮೈಡ್ ಬಳಸಿ ಅಭಿಧಮನಿಗಳ ಚಿತ್ರ ತೆಗೆದರು. 1938ರಲ್ಲಿ ಪೋರ್ಚುಗಲ್‌ನ ಜೊವಾವ್ ಸಿಡ್ ದೊಸ್ ಸಾಂತೊಸ್ ಕಾಲಿನ ಅಭಿಧಮನಿಗಳ ಎಕ್ಸ್-ರೇ ವಿಧಾನವನ್ನು ವೈದ್ಯರ ಬಳಕೆಗೆ ಒದಗುವಂತೆ ರೂಪಿಸಿದ. ಇದಕ್ಕೆ ವೀನೋಗ್ರಫಿ ಎಂದು ಹೆಸರಾಯಿತು.

ಆಪರೇಷನ್ ಆದ ಮೇಲೂ ನಾಳ ಊದಿದವರಿಗೆ 1980ರ ದಶಕದಲ್ಲಿ ಇದರದೇ ಒಂದು ಬಗೆ ವಿಶೇಷವಾಗಿ ನೆರವಾಯಿತು. ಊದಿದ ನಾಳಕ್ಕೆ ನೇರವಾಗಿ ದ್ರವ ಚುಚ್ಚಿ, ಅದು ಎಲ್ಲಿಗೆ ಸಾಗಿ ಆಳದ ನಾಳವನ್ನು ಸೇರುತ್ತದೆ ಎಂದು ಎಕ್ಸ್-ರೇಯಲ್ಲಿ ಹಿಂಬಾಲಿಸುವುದು. ಇದಕ್ಕೆ ವೇರಿಕೋಗ್ರಫಿ ಎಂದರು. ಹಳೆಯ ಗಾಯದ ಕೆಳಗೆ ಉಳಿದುಬಿಟ್ಟ ನಾಳದ ಮೊಂಡು ತುದಿ, ಕಟ್ಟದೆ ಬಿಟ್ಟ ಕವಲು, ಲೆಕ್ಕಕ್ಕೇ ಬಾರದ ಅಡ್ಡನಾಳ ಎಲ್ಲವೂ ಮೊದಲ ಬಾರಿಗೆ ಕಣ್ಣಿಗೆ ಬಿದ್ದವು.

ತೊಂದರೆಗಳೂ ಇದ್ದವು. ಸೂಜಿ ಚುಚ್ಚಬೇಕು, ವಿಕಿರಣಕ್ಕೆ ಒಡ್ಡಬೇಕು, ದ್ರವ ಕೆಲವರಿಗೆ ಒಗ್ಗದು. ಇದಕ್ಕಿಂತ ದೊಡ್ಡ ಕೊರತೆ ಎಂದರೆ, ಚಿತ್ರ ತೋರಿಸುವುದು ರಸ್ತೆಯನ್ನೇ ಹೊರತು ಸಂಚಾರವನ್ನಲ್ಲ. ಯಾವ ಕವಾಟ ಎಷ್ಟು ಹೊತ್ತು ಸೋರುತ್ತದೆ ಎಂದು ಅಳೆದು ಹೇಳಲು ಅದಕ್ಕೆ ಬಾರದು.

ರೈಲಿನ ತುತ್ತೂರಿಯಿಂದ ರಕ್ತದ ಸದ್ದಿಗೆ

ಹರಿವನ್ನು ಅಳೆಯುವ ಕೀಲಿ ವೈದ್ಯಶಾಸ್ತ್ರದ ಹೊರಗೆ ಎಂದೋ ಸಿದ್ಧವಾಗಿತ್ತು. ಚಲಿಸುವ ವಸ್ತುವಿನಿಂದ ಬರುವ ಅಲೆಯ ಕಂಪನಾಂಕ ಬದಲಾಗುತ್ತದೆ ಎಂದು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ಪ್ರತಿಪಾದಿಸಿದ. ಅವನ ಲಕ್ಷ್ಯ ಇದ್ದದ್ದು ನಕ್ಷತ್ರಗಳ ಬಣ್ಣದ ಮೇಲೆ. 1845ರಲ್ಲಿ ಹಾಲೆಂಡಿನ ಬಾಯ್ಸ್ ಬಲ್ಲಾಟ್ ರೈಲಿನಲ್ಲಿ ತುತ್ತೂರಿ ಊದುವವರನ್ನು ಕೂರಿಸಿ ಇದನ್ನು ಶಬ್ದದಲ್ಲಿ ಪರೀಕ್ಷಿಸಿದ. ಬಳಿಸಾರುವ ರೈಲಿನ ಸ್ವರ ಏರುತ್ತದೆ, ದೂರ ಸರಿಯುವ ರೈಲಿನ ಸ್ವರ ಇಳಿಯುತ್ತದೆ. ರೈಲು ನಿಲ್ದಾಣದಲ್ಲಿ ನಿಂತ ಯಾರಿಗೂ ಇದು ಅನುಭವಕ್ಕೆ ಬಂದಿರುತ್ತದೆ.

ರೈಲಿನ ಜಾಗದಲ್ಲಿ ಕೆಂಪು ರಕ್ತಕಣವನ್ನಿಟ್ಟರೆ ಮುಂದಿನದು ಅರ್ಥವಾಗುತ್ತದೆ. ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶ್ರವಣಾತೀತ ಶಬ್ದವನ್ನು ಚರ್ಮದ ಮೂಲಕ ಕಳುಹಿಸಿದರೆ ಹರಿಯುವ ರಕ್ತಕಣಗಳಿಗೆ ಬಡಿದು ಮರಳುತ್ತದೆ. ಮರಳಿದ ಅಲೆಯ ಕಂಪನಾಂಕ ಏರಿದೆಯೋ ಇಳಿದಿದೆಯೋ ನೋಡಿದರೆ ರಕ್ತ ನಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯುತ್ತದೆ. 1950ರ ದಶಕದಲ್ಲಿ ಜಪಾನಿನ ಒಸಾಕಾದಲ್ಲಿ ಶಿಗೆಒ ಸತೊಮುರಾ ಈ ತತ್ವವನ್ನು ಹೃದಯ ಹಾಗೂ ರಕ್ತಪ್ರವಾಹಕ್ಕೆ ಅನ್ವಯಿಸಿದ. 1960ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಯೂಜೀನ್ ಸ್ಟ್ರಾಂಡ್‌ನೆಸ್ ಅದನ್ನು ಕಾಲಿನ ರಕ್ತನಾಳಗಳ ರೋಗಪತ್ತೆಗೆ ಬಳಸಿದ. ಅಂಗೈಯಗಲದ ಉಪಕರಣ ತೊಡೆಸಂದಿಗೆ ಒತ್ತಿದರೆ ರಕ್ತ ಹರಿಯುವ ಸದ್ದು ಕೇಳುತ್ತಿತ್ತು.

ಸದ್ದು ಕೇಳಿದರೂ ಅದು ಯಾವ ನಾಳದ್ದು ಎಂಬ ಸಂದೇಹ ಉಳಿಯಿತು. ಒಂದರ ಪಕ್ಕ ಒಂದು ನಾಲ್ಕಾರು ನಾಳಗಳಿರುವ ಜಾಗದಲ್ಲಿ ಕಿವಿ ಮೋಸಹೋಗುವುದು ಸಹಜ. ಆಪರೇಷನ್ ಆಗಿ ಕಲೆಗಟ್ಟಿದ ತೊಡೆಸಂದಿನಲ್ಲಂತೂ ಇನ್ನೂ ಕಷ್ಟ. 1974ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ನಾಳದ ಚಿತ್ರವನ್ನೂ ಅದರೊಳಗಿನ ಹರಿವನ್ನೂ ಒಂದೇ ಯಂತ್ರದಲ್ಲಿ ಜೋಡಿಸಿದ ಸಾಧನವನ್ನು ಪ್ರಕಟಿಸಿತು. ಎರಡು ಕೆಲಸ ಒಟ್ಟಿಗೆ ಮಾಡುವುದರಿಂದ ಅದಕ್ಕೆ ಡ್ಯೂಪ್ಲೆಕ್ಸ್ ಎಂಬ ಹೆಸರು ಬಂತು. 1980ರ ದಶಕದಲ್ಲಿ ಹರಿವಿನ ದಿಕ್ಕನ್ನು ಕೆಂಪು, ನೀಲಿ ಬಣ್ಣಗಳಲ್ಲಿ ತೋರಿಸುವ ಕಲರ್ ಡಾಪ್ಲರ್ ಸೇರಿಕೊಂಡಿತು. ಇಂದು ನಮ್ಮ ಜಿಲ್ಲಾ ಕೇಂದ್ರಗಳ ಸ್ಕ್ಯಾನಿಂಗ್ ಸೆಂಟರುಗಳ ಫಲಕದಲ್ಲಿ ಕಾಣುವ ‘ಕಲರ್ ಡಾಪ್ಲರ್’ ಎಂಬ ಮಾತಿನ ಹಿಂದೆ ಇಷ್ಟು ಕಥೆ ಇದೆ.

ಮರಳಿ ಬರುವುದೇಕೆ?

ಈ ಯಂತ್ರ ಕೈಗೆ ಬಂದ ಮೇಲೆ ಮರುಕಳಿಸಿದ ಕಾಲುಗಳನ್ನು ಸಾಲಾಗಿ ಪರೀಕ್ಷಿಸಲು ಸಾಧ್ಯವಾಯಿತು. 1998ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ತಜ್ಞರು ಇದರ ವ್ಯಾಖ್ಯೆ ಮತ್ತು ವರ್ಗೀಕರಣಕ್ಕೆ ಒಂದು ಒಮ್ಮತ ರೂಪಿಸಿದರು. ಕಾರಣಗಳನ್ನು ಸ್ಥೂಲವಾಗಿ ನಾಲ್ಕಾಗಿ ನೋಡಬಹುದು.

ಮೊದಲನೆಯದು, ತಪ್ಪು ಗುರಿ. ಸೋರಿಕೆ ಚಿಕ್ಕ ಸಫೀನಸ್‌ನಲ್ಲಿದ್ದು, ದೊಡ್ಡದಕ್ಕೆ ಶಸ್ತ್ರಚಿಕಿತ್ಸೆಯಾಗಿರುತ್ತದೆ. ಇಲ್ಲವೇ ಎರಡರಲ್ಲಿಯೂ ಸೋರಿಕೆಯಿದ್ದು ಒಂದು ಗಮನಕ್ಕೆ ಬಂದಿರುವುದಿಲ್ಲ.

ಎರಡನೆಯದು, ಅರೆಬರೆ ಕೆಲಸ. ಗುರಿ ಸರಿಯಿದ್ದರೂ ನಾಳದ ತುದಿ, ಕವಲು ಉಳಿದಿರುತ್ತವೆ. ಚಿಕ್ಕ ಸಫೀನಸ್ ನಾಳವಂತೂ ಆಳದ ನಾಳವನ್ನು ಕೂಡುವ ಎತ್ತರ ಒಬ್ಬೊಬ್ಬರಲ್ಲಿ ಒಂದೊಂದು. ಪಠ್ಯಪುಸ್ತಕದ ಚಿತ್ರ ನೋಡಿ ಕೊಯ್ದರೆ ಕೂಡುವ ಜಾಗ ಸಿಗದೆ ಹೋಗಬಹುದು.

ಮೂರನೆಯದು ವೈದ್ಯರನ್ನೇ ಅಚ್ಚರಿಗೊಳಿಸಿದ ಸಂಗತಿ. ಕೆಲಸ ಸರಿಯಾಗಿಯೇ ಆಗಿದ್ದರೂ ಕಟ್ಟಿದ ಜಾಗದ ಕಲೆಯೊಳಗಿಂದ ಸಣ್ಣಸಣ್ಣ ಹೊಸ ನಾಳಗಳು ಚಿಗುರಿ, ಮೇಲಿನದನ್ನೂ ಕೆಳಗಿನದನ್ನೂ ಮತ್ತೆ ಬೆಸೆಯುತ್ತವೆ. ಕಡಿದ ಮರದ ಬೊಡ್ಡೆ ಚಿಗುರಿದಂತೆ. ಈ ಚಿಗುರು ನಾಳಗಳಲ್ಲಿ ಸರಿಯಾದ ಕವಾಟಗಳಿರುವುದಿಲ್ಲ. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ನಡೆದು 1996ರಲ್ಲಿ ವರದಿಯಾದ ಅಧ್ಯಯನ ಮರುಕಳಿಕೆಗೆ ಇದೇ ಮುಖ್ಯ ಕಾರಣವೆಂದಿತು. ನಾಳವನ್ನು ಬರೀ ಕಟ್ಟುವುದಕ್ಕಿಂತ ಎಳೆದು ತೆಗೆದವರಲ್ಲಿ ಮರು ಆಪರೇಷನ್ನಿನ ಅಗತ್ಯ ಕಡಿಮೆ ಎಂಬುದೂ ಅದೇ ರೋಗಿಗಳನ್ನು ವರ್ಷಗಳ ಕಾಲ ಗಮನಿಸಿದಾಗ ಕಂಡುಬಂತು.

ನಾಲ್ಕನೆಯದು ರೋಗದ ಮುನ್ನಡೆ. ಅಂದು ಚೆನ್ನಾಗಿದ್ದ ಇನ್ನೊಂದು ಕವಾಟ ಇಂದು ಕೆಟ್ಟಿರುತ್ತದೆ. ಇದು ಯಾರ ತಪ್ಪೂ ಅಲ್ಲ. ಹಲವು ಹೆರಿಗೆಯಾದ ಕೆಲವು ಹೆಂಗಸರಲ್ಲಿ ಸೋರಿಕೆಯ ಮೂಲ ಕಾಲಿನಲ್ಲಿಯೇ ಇರದೆ ಕಿಬ್ಬೊಟ್ಟೆಯ ನಾಳಗಳಲ್ಲಿರುತ್ತದೆ. ಅಂಥವರ ಕಾಲನ್ನು ಎಷ್ಟು ಬಾರಿ ಕೊಯ್ದರೂ ಫಲ ಅಷ್ಟಕ್ಕಷ್ಟೆ.

ನಾಲ್ಕೂ ಹೊರಗಿನಿಂದ ನೋಡಲು ಒಂದೇ. ಮೀನಖಂಡದಲ್ಲಿ ಅದೇ ಗಂಟು, ಅದೇ ಭಾರ. ಚಿಕಿತ್ಸೆ ಮಾತ್ರ ಒಂದೊಂದಕ್ಕೂ ಬೇರೆ. ಮೊದಲ ಆಪರೇಷನ್ನಿಗಿಂತ ಎರಡನೆಯದಕ್ಕೆ ಮುಂಚೆ ಚಿತ್ರಪರೀಕ್ಷೆ ಇನ್ನೂ ಅಗತ್ಯವಾಗುವುದು ಈ ಕಾರಣಕ್ಕೆ. ಒಮ್ಮೆ ಕೊಯ್ದ ಕಾಲಿನಲ್ಲಿ ಪುಸ್ತಕದ ನಕ್ಷೆ ಉಳಿದಿರುವುದಿಲ್ಲ. ಪ್ರತಿಯೊಂದು ಕಾಲಿಗೂ ಅದರದೇ ನಕ್ಷೆ ಬರೆಯಬೇಕು.

ನಿಲ್ಲಿಸಿ ನೋಡುವ ಪರೀಕ್ಷೆ

ಪರೀಕ್ಷೆ ಸರಳ, ನೋವಿಲ್ಲದ್ದು. ರೋಗಿಯನ್ನು ನಿಲ್ಲಿಸುತ್ತಾರೆ. ಮಲಗಿದ ಕಾಲಿನಲ್ಲಿ ರಕ್ತಕ್ಕೆ ಕೆಳಗೆ ಜಾರುವ ಕಾರಣವೇ ಇಲ್ಲದಿರುವುದರಿಂದ ನಿಲ್ಲುವುದು ಮುಖ್ಯ. ಭಾರವನ್ನೆಲ್ಲ ಇನ್ನೊಂದು ಕಾಲಿನ ಮೇಲೆ ಹಾಕಿ ಪರೀಕ್ಷಿಸುವ ಕಾಲನ್ನು ಸಡಿಲ ಬಿಡಬೇಕು. ಚರ್ಮಕ್ಕೆ ಜೆಲ್ ಹಚ್ಚಿ ಉಪಕರಣವನ್ನು ತೊಡೆಸಂದಿನಿಂದ ಕಣಕಾಲಿನವರೆಗೆ ಒಯ್ಯುತ್ತಾರೆ. ಮೀನಖಂಡವನ್ನು ಕೈಯಿಂದ ಹಿಂಡಿದಾಗ ರಕ್ತ ಮೇಲೇರುತ್ತದೆ, ಪರದೆಯ ಮೇಲೆ ಒಂದು ಬಣ್ಣ. ಕೈ ಬಿಟ್ಟಾಗ ಕವಾಟ ಗಟ್ಟಿಯಿದ್ದರೆ ಹರಿವು ಥಟ್ಟನೆ ನಿಲ್ಲುತ್ತದೆ. ಕೆಟ್ಟಿದ್ದರೆ ಇನ್ನೊಂದು ಬಣ್ಣ ಮೂಡಿ ರಕ್ತ ಕೆಳಗೆ ಸುರಿಯುವುದು ಕಾಣುತ್ತದೆ. ಚರ್ಮದ ಕೆಳಗಿನ ನಾಳಗಳಲ್ಲಿ ಈ ಹಿಮ್ಮುಖ ಹರಿವು ಅರ್ಧ ಸೆಕೆಂಡ್ ಮೀರಿದರೆ ಅದನ್ನು ಸೋರಿಕೆ ಎನ್ನುತ್ತಾರೆ. ತೊಡೆ ಮತ್ತು ಮಂಡಿಯ ಆಳದ ನಾಳಗಳಿಗೆ ಮಿತಿ ಒಂದು ಸೆಕೆಂಡ್.

ಆಳದ ನಾಳಗಳನ್ನು ನೋಡುವುದನ್ನು ಬಿಡುವಂತಿಲ್ಲ. ಹಿಂದೆಂದೋ ರಕ್ತ ಹೆಪ್ಪುಗಟ್ಟಿ ಹೆದ್ದಾರಿಯೇ ಮುಚ್ಚಿಹೋಗಿದ್ದರೆ ಊದಿದ ಮೇಲಿನ ನಾಳವೇ ರಕ್ತ ಸಾಗುವ ಬದಲಿ ದಾರಿಯಾಗಿರಬಹುದು. ಅದನ್ನು ಕಿತ್ತರೆ ಕಾಲಿನ ಸ್ಥಿತಿ ಇನ್ನಷ್ಟು ಕೆಡುತ್ತದೆ. ಪೆರ್ಟೆಸ್ ಕಾಲಿಗೆ ಪಟ್ಟಿ ಕಟ್ಟಿ ರೋಗಿಯನ್ನು ನಡೆಸಿ ಇದನ್ನು ಊಹಿಸುತ್ತಿದ್ದ. ಈಗ ಪರದೆಯ ಮೇಲೆ ಕಾಣುತ್ತದೆ. ಕಿಬ್ಬೊಟ್ಟೆಯ ನಾಳಗಳ ಮೇಲೆ ಅನುಮಾನ ಬಂದರೆ ಸಿ.ಟಿ. ಅಥವಾ ಎಂ.ಆರ್.ಐ. ಮೂಲಕ ಮುಂದಿನ ಪರೀಕ್ಷೆ ನಡೆಯುತ್ತದೆ. ಕೊನೆಗೆ ಚಿಕಿತ್ಸೆಗೆ ಮುಂಚೆ ಸೋರುವ ಜಾಗಗಳನ್ನು ಮಾರ್ಕರ್ ಪೆನ್ನಿನಿಂದ ಚರ್ಮದ ಮೇಲೆಯೇ ಗುರುತು ಹಾಕುತ್ತಾರೆ.

ಹೀಗೆ ನೋಡಿ ಮಾಡುವುದರಿಂದ ನಿಜವಾಗಿ ಲಾಭವಿದೆಯೇ? ಸ್ವೀಡನ್ನಿನಲ್ಲಿ ಮೊದಲ ಬಾರಿ ಶಸ್ತ್ರಚಿಕಿತ್ಸೆಗೆ ಬಂದ 293 ರೋಗಿಗಳ 343 ಕಾಲುಗಳನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಮುಂಚಿತವಾಗಿ ಡ್ಯೂಪ್ಲೆಕ್ಸ್ ಸ್ಕ್ಯಾನ್, ಇನ್ನೊಂದಕ್ಕೆ ಬರೀ ಕೈಪರೀಕ್ಷೆ. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ವರ್ಷಗಳಲ್ಲಿ ಸ್ಕ್ಯಾನ್ ಆದ ಗುಂಪಿನಲ್ಲಿ 2 ಕಾಲುಗಳಿಗೆ, ಆಗದ ಗುಂಪಿನಲ್ಲಿ 14 ಕಾಲುಗಳಿಗೆ ಮರು ಆಪರೇಷನ್ ಆಗಿತ್ತು. ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿ, ಹೊಸ ರೋಗಿಯಾಗಲಿ ಮರುಕಳಿಸಿದವರಾಗಲಿ, ಚಿಕಿತ್ಸೆಯ ಯೋಜನೆಗೆ ಡ್ಯೂಪ್ಲೆಕ್ಸ್ ಪರೀಕ್ಷೆ ಮಾಡಬೇಕೆಂದು ಹೇಳಿತು.

ಕತ್ತಿಯೇ ಹಿಂದೆ ಸರಿದಾಗ

ನೋಡುವ ಕಣ್ಣು ಬಂದದ್ದರಿಂದ ಕೊಯ್ಯುವ ಕೈಯ ಕೆಲಸವೂ ಬದಲಾಯಿತು. ಒಮ್ಮೆ ಕೊಯ್ದ ತೊಡೆಸಂದನ್ನು ಮತ್ತೆ ತೆರೆಯುವುದು ಸುಲಭವಲ್ಲ. ಗಟ್ಟಿಯಾದ ಕಲೆಯ ನಡುವೆ ದೊಡ್ಡ ರಕ್ತನಾಳಗಳಿರುತ್ತವೆ, ದುಗ್ಧನಾಳಗಳಿಗೆ ಪೆಟ್ಟಾದರೆ ಗಾಯ ಒಸರುತ್ತದೆ, ನಂಜಾಗುವ ಅಪಾಯವೂ ಹೆಚ್ಚು. ಈಗ ಅಲ್ಟ್ರಾಸೌಂಡ್ ಪರದೆ ನೋಡುತ್ತಲೇ ಉಳಿದ ನಾಳಕ್ಕೆ ಸೂಜಿ ಹಾಕಿ ಲೇಸರ್ ಅಥವಾ ರೇಡಿಯೋ ತರಂಗದ ಬಿಸಿಯಿಂದ ಒಳಗಿನಿಂದಲೇ ಮುಚ್ಚಬಹುದು. ಈ ವಿಧಾನಗಳು 1990ರ ದಶಕದ ಕೊನೆಯಲ್ಲಿ ಬಳಕೆಗೆ ಬಂದವು. ಅಂಕುಡೊಂಕಾಗಿ ಚಿಗುರಿದ ನಾಳಗಳಿಗೆ ಔಷಧವನ್ನು ನೊರೆಯ ರೂಪದಲ್ಲಿ ಚುಚ್ಚಿ ಮುಚ್ಚುವುದುಂಟು. ಸ್ಪೇನಿನ ಹುವಾನ್ ಕಬ್ರೇರಾ ಅದೇ ದಶಕದಲ್ಲಿ ಇದನ್ನು ಪ್ರಚಾರಕ್ಕೆ ತಂದ. ನೈಸ್ ಮಾರ್ಗಸೂಚಿಯಲ್ಲಿ ಬಿಸಿಯ ವಿಧಾನಕ್ಕೆ ಮೊದಲ ಸ್ಥಾನ, ನೊರೆಗೆ ಎರಡನೆಯದು, ಶಸ್ತ್ರಚಿಕಿತ್ಸೆಗೆ ಕೊನೆಯದು.

ಹಾಗೆಂದು ಚಿತ್ರಪರೀಕ್ಷೆ ಮರುಕಳಿಕೆಯನ್ನು ಇಲ್ಲವಾಗಿಸುತ್ತದೆ ಎನ್ನುವಂತಿಲ್ಲ. ತಪ್ಪು ಗುರಿಯನ್ನೂ ಅರೆಬರೆ ಕೆಲಸವನ್ನೂ ಅದು ತಡೆಯಬಲ್ಲದು. ನಾಳೆ ಕೆಡಲಿರುವ ಕವಾಟವನ್ನು ಇಂದು ತೋರಿಸಲಾರದು. ಉಪಕರಣ ಹಿಡಿದವರ ಪರಿಣತಿಯ ಮೇಲೂ ಫಲಿತಾಂಶ ನಿಂತಿದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದಷ್ಟೇ ನೋಡುವ ಡಾಪ್ಲರ್ ಬೇರೆ, ಕವಾಟ ಕವಾಟವನ್ನೂ ಪರೀಕ್ಷಿಸಿ ನಕ್ಷೆ ಬರೆಯುವ ಡಾಪ್ಲರ್ ಬೇರೆ. ಎರಡಕ್ಕೂ ಚೀಟಿಯಲ್ಲಿ ಒಂದೇ ಹೆಸರಿರುವುದರಿಂದ ಗೊಂದಲಕ್ಕೆ ಎಡೆಯಾಗುತ್ತದೆ.

ಎರಡನೆಯ ಬಾರಿ ಆಪರೇಷನ್ ಎಂಬ ಮಾತು ಬಂದಾಗ ರೋಗಿ ಮತ್ತು ಮನೆಯವರು ಕೇಳಬೇಕಾದ ಪ್ರಶ್ನೆಗಳು ಈ ಇತಿಹಾಸದಿಂದಲೇ ಹೊರಡುತ್ತವೆ. ಸ್ಕ್ಯಾನ್ ನಿಲ್ಲಿಸಿ ಮಾಡಿದ್ದೇ? ಸೋರಿಕೆ ಎಲ್ಲಿಂದ ಶುರುವಾಗಿದೆ ಎಂದು ವರದಿಯಲ್ಲಿ ಬರೆದಿದೆಯೇ? ಆಳದ ನಾಳಗಳು ತೆರೆದಿವೆಯೇ? ಹಿಂದಿನ ಆಪರೇಷನ್ನಿನ ಕಾಗದಪತ್ರಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸುವುದೂ ಅಷ್ಟೇ ಮುಖ್ಯ. ಅಂದು ಏನನ್ನು ಕಟ್ಟಿದರು, ಏನನ್ನು ತೆಗೆದರು ಎಂಬುದು ಗೊತ್ತಿದ್ದರೆ ಪರದೆಯ ಮೇಲೆ ಕಾಣುವುದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಎರಡನೆಯ ಆಪರೇಷನ್ನಿಗೆ ಅವಸರ ಪಡದಿರುವುದೇ ಲೇಸು.